ಕೊಟ್ಟಿಗೆಯಲ್ಲಿ ಫ್ಲ್ಯಾಶ್ ಬರಲಿಲ್ಲವಾ? ತಪ್ಪು ನಿಮ್ಮ ಕೈಯದಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದೂರಿನ ಒಬ್ಬರ ಮನೆಯಲ್ಲಿ ಹಾಲು ಕೊಡುತ್ತಿದ್ದ ಹಸು ರಾತ್ರಿ ಹತ್ತರ ಹೊತ್ತಿಗೆ ಸತ್ತುಹೋಯಿತು. ವಿಮೆ ಇತ್ತು. ಆದರೆ ಸತ್ತ ಹಸುವಿನ ಕಿವಿಯೋಲೆ ಕಾಣುವ ಹಾಗೆ ಫೋಟೊ ತೆಗೆದು ಕಂಪನಿಯ ಆ್ಯಪ್‌ಗೆ ಹಾಕಬೇಕು. ಗ್ಯಾಲರಿಯಲ್ಲಿರುವ ಫೋಟೊ ನಡೆಯುವುದಿಲ್ಲ, ಆ್ಯಪ್ ಒಳಗಿನ ಕ್ಯಾಮೆರಾದಲ್ಲೇ ತೆಗೆಯಬೇಕು. ಮಲೆನಾಡಿನ ಜುಲೈ ತಿಂಗಳು, ಕರೆಂಟು ಹೋಗಿ ಎರಡು ದಿನ ಆಗಿತ್ತು. ಮನೆಯ ಹುಡುಗ ಮೊಬೈಲಿನ ಬ್ಯಾಟ್ರಿ ಹಾಕಿಕೊಂಡು ಕೊಟ್ಟಿಗೆಗೆ ಹೋದ. (ನಮ್ಮ ಕಡೆ ಟಾರ್ಚಿಗೆ ಇವತ್ತಿಗೂ ಬ್ಯಾಟ್ರಿ ಅಂತಲೇ ಹೇಳುವುದು.) ಆ್ಯಪ್ ತೆರೆದು ಕ್ಯಾಮೆರಾ ಒತ್ತಿದ ಕೂಡಲೇ ಬ್ಯಾಟ್ರಿ ಆರಿತು. ಮತ್ತೆ ಹಾಕಿದ, ಮತ್ತೆ ಆರಿತು. ಆ್ಯಪ್‌ನಲ್ಲಿ ಮಿಂಚಿನ ಗುರುತು ಇತ್ತು, ಅದನ್ನು ಒತ್ತಿದ. ಫ್ಲ್ಯಾಶ್ ಹೊಡೆಯಿತು, ಫೋಟೊ ಮಾತ್ರ ಕಪ್ಪು. ಇನ್ನಷ್ಟು ಹತ್ತಿರ ಹೋಗಿ ತೆಗೆದ. ಈ ಸಲ ಹಳದಿ ಓಲೆ ಬೆಳ್ಳಗೆ ಬಂತು, ನಂಬರು ಒಂದೂ ಓದುವ ಹಾಗಿಲ್ಲ. ಅಷ್ಟರಲ್ಲಿ ಆ್ಯಪ್‌ನಲ್ಲಿ ‘ಸಲ್ಲಿಕೆಯಾಗಿದೆ’ ಅಂತ ಹಸಿರು ಗುರುತು ಬಂದದ್ದರಿಂದ ಮನೆಯವರು ಸಮಾಧಾನ ಮಾಡಿಕೊಂಡರು.

ಬೆಳಿಗ್ಗೆ ಪಶು ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಟ್ಟರು. ಆ ಮಳೆಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವ ಹಾಗಿರಲಿಲ್ಲ, ತೋಟದ ಅಂಚಿನಲ್ಲಿ ಹೂತರು. ಎರಡು ವಾರದ ಮೇಲೆ ಸಂದೇಶ ಬಂತು: ಫೋಟೊದಲ್ಲಿ ಓಲೆಯ ಸಂಖ್ಯೆ ಸ್ಪಷ್ಟವಿಲ್ಲ. ಜಾನುವಾರು ವಿಮೆಯಲ್ಲಿ ‘ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ’ ಎನ್ನುವುದು ಹಳೆಯ ನಿಯಮ. ಓಲೆ ಇದೆ, ವೈದ್ಯರ ಪತ್ರವೂ ಇದೆ. ಆದರೂ ಅರ್ಜಿ ನಾಲ್ಕು ತಿಂಗಳು ಅಲ್ಲೇ ನಿಂತಿತ್ತು. ಓಡಾಡಿ ಓಡಾಡಿ ಕೊನೆಗೆ ಒಂದಿಷ್ಟು ದುಡ್ಡು ಬಂತು ಅನ್ನಿ. ನನಗೆ ಸಿಟ್ಟು ಬಂದದ್ದು ದುಡ್ಡು ತಡವಾದದ್ದಕ್ಕಿಂತ ಹೆಚ್ಚಾಗಿ ಏಜೆಂಟರು ಆ ಹುಡುಗನಿಗೆ ಹೇಳಿದ ಮಾತಿಗೆ: ‘ನಿಮಗೆ ಫೋಟೊ ತೆಗೆಯಲಿಕ್ಕೇ ಬರುವುದಿಲ್ಲ.’

ಆ ಹುಡುಗ ರೀಲ್ಸ್ ಮಾಡುವವನು. ಅವನು ತೆಗೆದ ಜೋಗದ ಫೋಟೊವನ್ನು ನಾನೇ ಒಮ್ಮೆ ಸುದ್ದಿಯ ಜತೆ ಕಳಿಸಿದ್ದೇನೆ. ಫೋಟೊ ತೆಗೆಯಲು ಬಾರದೇ ಇರುವುದು ಅವನಿಗಲ್ಲ, ಆ ಆ್ಯಪ್‌ಗೆ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಇವತ್ತು ಹಳ್ಳಿಯವರ ದುಡ್ಡಿನ ಲೆಕ್ಕ ಬಹಳಷ್ಟು ಒಂದು ಫೋಟೊದ ಮೇಲೆ ನಿಂತಿದೆ. 2020ರಲ್ಲಿ ರಾಜ್ಯದಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಫೋಟೊ ತೆಗೆದು ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಬಂತು. 2021ರ ನವೆಂಬರಿನಲ್ಲಿ ಪಿಂಚಣಿದಾರರು ಮುಖ ತೋರಿಸಿ ಜೀವಿತ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂತು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. ಒಂದೊಂದರ ಹಿಂದೆಯೂ ಮೋಸ ತಡೆಯುವ ಉದ್ದೇಶ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫೋಟೊ ಕೇಳುವವರು ಬೆಳಕಿನ ಬಗ್ಗೆಯೂ ಯೋಚಿಸಬೇಕಲ್ಲ? ಹೆಂಚಿನ ಮನೆಯ ನಡುಮನೆ, ಅಡಿಕೆ ತೋಟದ ಒಳಗು, ಕೊಟ್ಟಿಗೆ, ಮಳೆಗಾಲದ ಮಧ್ಯಾಹ್ನ ಮೂರು ಗಂಟೆ, ಇವೆಲ್ಲ ಆ್ಯಪ್ ಬರೆಯುವವರ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ.

ಕೊಟ್ಟಿಗೆಯಲ್ಲಿ ಆ ರಾತ್ರಿ ಆದದ್ದು ಮೂರು ಬೇರೆ ಬೇರೆ ತೊಂದರೆ. ನನ್ನ ಜತೆ ಡಿಪ್ಲೊಮಾ ಓದಿದವನ ತಮ್ಮ ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಅವನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆ. ಆಮೇಲೆ ಆಂಡ್ರಾಯ್ಡ್‌ನವರೇ ಬರೆದಿಟ್ಟಿರುವ ಮಾರ್ಗದರ್ಶಿಯನ್ನೂ ಓದಿದೆ. ತಿಳಿದದ್ದನ್ನು ಹೇಳುತ್ತೇನೆ.

ಮೊದಲನೆಯದು ಬ್ಯಾಟ್ರಿ ಆರುವುದು. ಫೋನಿನಲ್ಲಿ ಟಾರ್ಚ್ ಬೇರೆ, ಫ್ಲ್ಯಾಶ್ ಬೇರೆ ಅಲ್ಲ, ಹಿಂಬದಿಯ ಒಂದೇ ಎಲ್‌ಇಡಿ ದೀಪ. ಯಾವ ಆ್ಯಪ್ ಕ್ಯಾಮೆರಾ ತೆರೆಯುತ್ತದೋ ದೀಪವೂ ಅದರ ಕೈಗೆ ಹೋಗುತ್ತದೆ. ನೀವು ಮೇಲಿನಿಂದ ಪರದೆ ಎಳೆದು ಹಾಕಿದ ಟಾರ್ಚನ್ನು ಫೋನು ತಾನಾಗಿ ಆರಿಸುತ್ತದೆ. ಇದು ಫೋನ್ ಕೆಟ್ಟದ್ದಲ್ಲ, ಅದು ಇರುವುದೇ ಹಾಗೆ. ಆದ್ದರಿಂದ ಕ್ಯಾಮೆರಾ ತೆರೆದ ಮೇಲೆ ದೀಪ ಬೇಕೆಂದರೆ ಆ್ಯಪ್ ಒಳಗೇ ಒಂದು ಟಾರ್ಚ್ ಗುಂಡಿ ಇರಬೇಕು. ಅದನ್ನು ಇಡುವುದು ದೊಡ್ಡ ಕೆಲಸವೇನಲ್ಲ, ನಾಲ್ಕಾರು ಸಾಲು ಬರೆದರೆ ಆಯಿತು ಅಂತ ಆ ಹುಡುಗನೇ ಒಪ್ಪಿದ. ಮತ್ತೇಕೆ ಇಡುವುದಿಲ್ಲ ಎಂದರೆ ನಕ್ಕ. ‘ಅಣ್ಣಾ, ನಮ್ಮ ಆಫೀಸಲ್ಲಿ ಹಗಲೂ ರಾತ್ರಿ ಲೈಟ್ ಉರೀತಿರುತ್ತೆ. ಬೇಕು ಅಂತ ಅನ್ನಿಸೋದೇ ಇಲ್ಲ.’

ಎರಡನೆಯದು ವಿಚಿತ್ರ: ಫ್ಲ್ಯಾಶ್ ಹೊಡೆಯಿತು, ಫೋಟೊ ಕಪ್ಪು. ನಿಮ್ಮ ಫೋನಿನ ಸ್ವಂತ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಯಿರಿ, ಸೂಕ್ಷ್ಮವಾಗಿ ನೋಡಿ. ಹಲವು ಫೋನುಗಳಲ್ಲಿ ಬೆಳಕು ಎರಡು ಸಲ ಬಂದ ಹಾಗೆ ಕಾಣುತ್ತದೆ. ಮೊದಲನೆಯದು ಅಳತೆಗೆ. ಎದುರಿಗೆ ಎಷ್ಟು ದೂರದಲ್ಲಿ ಏನಿದೆ, ಬೆಳಕು ಬಿದ್ದರೆ ಎಷ್ಟು ಹೊಳೆಯುತ್ತದೆ ಎಂದು ಕ್ಯಾಮೆರಾ ಆಗ ಲೆಕ್ಕ ಹಾಕುತ್ತದೆ. ಎರಡನೆಯದರ ಜತೆಗೆ ಫೋಟೊ. ಆ್ಯಪ್ ಬರೆಯುವವನು ಈ ಅಳತೆಯ ಹಂತವನ್ನು ಕೇಳಿ, ಅದು ಮುಗಿಯುವ ತನಕ ಕಾದು, ಆಮೇಲೆ ಫೋಟೊ ತೆಗೆಯಬೇಕು. ಅವಸರಕ್ಕೆ ಬಿದ್ದು ಆ ಹಂತ ಬಿಟ್ಟರೆ ದೀಪ ಮೊದಲೇ ಹೊತ್ತಿ ಆರಿರುತ್ತದೆ, ಫೋಟೊ ಆಮೇಲೆ ಬೀಳುತ್ತದೆ. ಕೆಲವು ಫೋನುಗಳಲ್ಲಿ ಹಂತ ಬಿಟ್ಟರೂ ಹೇಗೋ ನಡೆದುಹೋಗುತ್ತದೆ. ಅಂಥ ಫೋನೊಂದರಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಸರಿಯಿದೆ’ ಅಂತ ಬಿಡುಗಡೆ ಮಾಡಿದರೆ, ಎಂಟು ಸಾವಿರದ ಫೋನಿನಲ್ಲಿ ಅದು ಕೈಕೊಡುತ್ತದೆ.

ಗುಂಡಿ ‘ಆನ್’ ಎಂದು ತೋರಿಸಿದರೂ ಫ್ಲ್ಯಾಶ್ ಹೊತ್ತದೇ ಇರುವುದಕ್ಕೂ ಇಂಥದೇ ಒಂದು ಕಾರಣವಿದೆ. ಆಂಡ್ರಾಯ್ಡ್ ಕ್ಯಾಮೆರಾದಲ್ಲಿ ಫ್ಲ್ಯಾಶಿಗೆ ಒಂದು ಆದೇಶ, ಬೆಳಕಿನ ತಾನಾಗಿ ಆಗುವ ಅಳತೆಗೆ ಇನ್ನೊಂದು ಆದೇಶ. ಅಳತೆಯ ಕಡೆ ‘ಬೇಕಾದರೆ ಮಾತ್ರ ಫ್ಲ್ಯಾಶ್’ ಎಂದು ಬರೆದಿದ್ದರೆ, ಫ್ಲ್ಯಾಶಿಗೆ ಕೊಟ್ಟ ನೇರ ಆದೇಶ ನಡೆಯುವುದೇ ಇಲ್ಲ, ಅಳತೆಯ ಮಾತೇ ಮೇಲು. ಮನೆಯಲ್ಲಿ ಯಜಮಾನರು ಹೂಂ ಅಂದ ಮೇಲೂ ಅಜ್ಜಿ ಬೇಡ ಅಂದರೆ ಕೆಲಸ ನಿಲ್ಲುತ್ತದಲ್ಲ, ಹಾಗೆ. ಈ ವಿಷಯ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಓದಿಲ್ಲದವರು ಎರಡೂ ಕಡೆ ಬೇರೆ ಬೇರೆ ಬರೆದಿಡುತ್ತಾರೆ, ನಾವು ಇಲ್ಲಿ ಗುಂಡಿ ಒತ್ತುತ್ತಾ ಕೂರುತ್ತೇವೆ.

‘ಆಟೊ’ ಫ್ಲ್ಯಾಶಿನ ತೊಂದರೆ ನಿಮಗೆ ಗೊತ್ತಿರುವುದೇ. ಹಸು ಕತ್ತಲಲ್ಲಿದೆ, ಅದರ ಹಿಂದೆ ಕೊಟ್ಟಿಗೆಯ ಬಾಗಿಲು ತೆರೆದಿದೆ. ಬಾಗಿಲ ಬೆಳಕನ್ನು ನೋಡಿ ಕ್ಯಾಮೆರಾ ‘ಬೆಳಕು ಸಾಕಷ್ಟಿದೆ’ ಎಂದುಕೊಳ್ಳುತ್ತದೆ. ಬಾಗಿಲು ಚೆನ್ನಾಗಿ ಬರುತ್ತದೆ, ಹಸು ಮಸಿ. ಇದಕ್ಕೆ ಉಪಾಯ ಸುಲಭ: ಬಾಗಿಲಿಗೆ ಬೆನ್ನು ಹಾಕಿ ನಿಲ್ಲಿ. ಆಗದಿದ್ದರೆ ಪರದೆಯ ಮೇಲೆ ಹಸುವಿನ ಮುಖ ಇರುವ ಜಾಗವನ್ನು ಬೆರಳಲ್ಲಿ ಒಮ್ಮೆ ಮುಟ್ಟಿ, ಆಮೇಲೆ ತೆಗೆಯಿರಿ. ಆದರೆ ಮುಟ್ಟಿದರೆ ಅಳತೆ ಬದಲಾಗುವ ಸೌಲಭ್ಯವನ್ನೂ ಆ್ಯಪ್ ಬರೆದವರೇ ಇಡಬೇಕು. ಎಷ್ಟೋ ಸರ್ವೆ ಆ್ಯಪ್‌ಗಳಲ್ಲಿ ಅದೂ ಇರುವುದಿಲ್ಲ.

ಮೂರನೆಯದು ಬೆಳ್ಳಗಾಗುವುದು. ಕಿವಿಯೋಲೆ ಪ್ಲಾಸ್ಟಿಕ್ಕಿನದು, ಹನ್ನೆರಡು ಅಂಕಿಯ ನಂಬರು ಅದರ ಮೇಲೆ ಸಣ್ಣದಾಗಿ ಇರುತ್ತದೆ. ಅಂಗೈ ದೂರದಿಂದ ನೇರವಾಗಿ ಫ್ಲ್ಯಾಶ್ ಹೊಡೆದರೆ ಬೆಳಕು ಕನ್ನಡಿಗೆ ಬಿದ್ದ ಹಾಗೆ ತಿರುಗಿ ಬರುತ್ತದೆ. ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕಾರ್ಡು, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪಹಣಿ, ಮಳೆಯಲ್ಲಿ ನೆನೆದ ಅಡಿಕೆ ಸೋಗೆ ಎಲ್ಲಕ್ಕೂ ಇದೇ ಗತಿ. ಎಲೆಚುಕ್ಕಿ ರೋಗದ ಫೋಟೊ ಕಳಿಸಿ ಅಂತ ನಾನು ರೈತರನ್ನು ಕೇಳಿದಾಗಲೆಲ್ಲ ಬರುವ ಫೋಟೊಗಳಲ್ಲಿ ಚುಕ್ಕಿಗಿಂತ ಹೊಳಪೇ ಜಾಸ್ತಿ. ಎರಡು ಅಡಿ ಹಿಂದೆ ಸರಿದು ಜೂಮ್ ಮಾಡಿ, ಫೋನನ್ನು ಸ್ವಲ್ಪ ಓರೆ ಹಿಡಿಯಿರಿ. ಇನ್ನೂ ಒಳ್ಳೆಯದು, ಫ್ಲ್ಯಾಶ್ ಆರಿಸಿ ಮನೆಯ ಇನ್ನೊಂದು ಫೋನಿನ ಟಾರ್ಚನ್ನು ಯಾರಾದರೂ ಪಕ್ಕದಿಂದ ಹಿಡಿಯಲಿ. ಆ ಫೋನಿನಲ್ಲಿ ಕ್ಯಾಮೆರಾ ತೆರೆದಿಲ್ಲವಲ್ಲ, ಅದರ ದೀಪ ಆರುವುದಿಲ್ಲ. ರಾತ್ರಿ ಅಪಘಾತದ ಸುದ್ದಿಗೆ ಹೋದಾಗ ನಾನು ಮಾಡುವುದೂ ಇದನ್ನೇ. ಅಕ್ಕಪಕ್ಕ ನಿಂತವರ ಫೋನೇ ನನಗೆ ಫ್ಲ್ಯಾಶ್.

ಇಲ್ಲಿ ನನ್ನದೊಂದು ಅಭಿಪ್ರಾಯ. ಹಳ್ಳಿಯಲ್ಲಿ ಬಳಸುವ ಆ್ಯಪ್‌ಗಳು ಮಿಂಚುವ ಫ್ಲ್ಯಾಶನ್ನು ಬಿಟ್ಟು ನಿಂತು ಉರಿಯುವ ಟಾರ್ಚನ್ನೇ ಮುಖ್ಯ ಮಾಡಿಕೊಳ್ಳಬೇಕು. ಟಾರ್ಚ್ ಹಾಕಿದರೆ ಫೋಟೊ ತೆಗೆಯುವ ಮೊದಲೇ ಏನು ಕಾಣುತ್ತದೆ, ಎಲ್ಲಿ ಹೊಳೆಯುತ್ತದೆ ಎಂದು ಪರದೆಯ ಮೇಲೆ ಗೊತ್ತಾಗುತ್ತದೆ. ಅಳತೆ ತಪ್ಪುವ ಭಯ ಕಡಿಮೆ. ಬದುಕಿರುವ ದನವಾದರೆ ಫಕ್ಕನೆ ಬೀಳುವ ಬೆಳಕಿಗೆ ಬೆದರಿ ಹಗ್ಗ ಕಿತ್ತುಕೊಳ್ಳುವುದೂ ಇರುವುದಿಲ್ಲ. ಫ್ಲ್ಯಾಶ್ ಬೆಳಕು ಟಾರ್ಚಿಗಿಂತ ಜೋರು, ದೂರದ ಫೋಟೊಗೆ ಅದೇ ಬೇಕು ಎನ್ನುವ ವಾದ ಇದೆ, ಸರಿಯೂ ಹೌದು. ಆದರೆ ನಮ್ಮ ಕೆಲಸ ಕಿವಿಯೋಲೆ, ಮೀಟರು, ಕಾರ್ಡು, ಎಲೆ. ಎಲ್ಲ ಒಂದು ಮಾರು ದೂರದ ಒಳಗಿನದು.

ಫೋನಿನದೇ ತಪ್ಪು ಇರುವುದಿಲ್ಲವೇ? ಇರುತ್ತದೆ. ಅದನ್ನು ಪತ್ತೆ ಮಾಡಲು ಅರ್ಧ ನಿಮಿಷ ಸಾಕು. ಆ್ಯಪ್ ಮುಚ್ಚಿ ಫೋನಿನ ಸ್ವಂತ ಕ್ಯಾಮೆರಾ ತೆರೆದು, ಫ್ಲ್ಯಾಶ್ ‘ಆನ್’ ಮಾಡಿ (ಆಟೊ ಅಲ್ಲ), ಕತ್ತಲ ಮೂಲೆಯ ಫೋಟೊ ತೆಗೆಯಿರಿ. ಅಲ್ಲಿ ಸರಿಯಾಗಿ ಬಂದರೆ ತಪ್ಪು ಆ್ಯಪ್‌ನದು, ಫೋನ್ ರಿಪೇರಿ ಅಂಗಡಿಗೆ ಐನೂರು ರೂಪಾಯಿ ಸುರಿಯಬೇಡಿ. ಅಲ್ಲೂ ಬಾರದಿದ್ದರೆ ಚಾರ್ಜ್ ನೋಡಿ. ಎಲ್‌ಇಡಿ ಒಂದೇ ಏಟಿಗೆ ಬಹಳ ಕರೆಂಟು ಎಳೆಯುವುದರಿಂದ ಹಲವು ಫೋನುಗಳು ಚಾರ್ಜ್ ತಳ ಕಂಡಾಗಲೂ, ಫೋನ್ ಕಾದಿದ್ದಾಗಲೂ ಫ್ಲ್ಯಾಶ್ ನಿಲ್ಲಿಸಿಬಿಡುತ್ತವೆ. ಹಿನ್ನೆಲೆಯಲ್ಲಿ ವಾಟ್ಸಾಪ್ ವಿಡಿಯೊ ಕಾಲ್ ನಡೆಯುತ್ತಿದ್ದರೆ ಕ್ಯಾಮೆರಾ ಅದರ ಹಿಡಿತದಲ್ಲಿರುತ್ತದೆ. ಫೋಟೊ ಪೂರ್ತಿ ಮಂಜು ಮಂಜಾಗಿ ಬಂದರೆ ಹಿಂದಿನ ದಪ್ಪ ಕವರ್ ತೆಗೆದು ನೋಡಿ, ದೀಪದ ಬೆಳಕು ಕವರಿನ ಅಂಚಿಗೆ ತಾಗಿ ಕ್ಯಾಮೆರಾದೊಳಗೆ ಹೋಗುತ್ತಿರಬಹುದು. ನಮ್ಮಲ್ಲಿ ಇನ್ನೊಂದು ಕಾರಣ ಉಂಟು: ಸುಗ್ಗಿಯ ಕಾಲದಲ್ಲಿ ಅಡಿಕೆ ಚೊಗರಿನ ಬೆರಳಲ್ಲೇ ಫೋನ್ ಹಿಡಿದು ಕ್ಯಾಮೆರಾ ಗಾಜು, ದೀಪ ಎರಡಕ್ಕೂ ಚೊಗರು ಹತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಫ್ಲ್ಯಾಶ್ ಸರಿಯಿಲ್ಲ ಅಂತ ಪ್ಲೇ ಸ್ಟೋರಿನಿಂದ ಬೇರೆ ಟಾರ್ಚ್ ಆ್ಯಪ್ ಮಾತ್ರ ಹಾಕಿಕೊಳ್ಳಬೇಡಿ. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಅನ್ನುವ ಟಾರ್ಚ್ ಆ್ಯಪನ್ನು ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದರು. ಅದು ಜನ ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ದಾಟಿಸುತ್ತಿತ್ತು ಎಂದು 2013ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ಕೈಗೊಂಡಿತು. ದೀಪ ಹಚ್ಚುವುದಕ್ಕೆ ನಿಮ್ಮ ಊರು ಯಾವುದು ಅಂತ ತಿಳಿದು ಏನಾಗಬೇಕು ಹೇಳಿ. 2014ರ ಆಂಡ್ರಾಯ್ಡ್ 5ರಿಂದ ಮೇಲಿನ ಪರದೆಯಲ್ಲೇ ಟಾರ್ಚ್ ಗುಂಡಿ ಬಂದಿದೆ, ಬೇರೆಯದು ಬೇಡ.

ಮತ್ತೆ ಆ್ಯಪ್ ಬರೆಯುವವರ ವಿಷಯಕ್ಕೆ ಬರುತ್ತೇನೆ. ಈಗಿನ ಫೋನುಗಳ ಬೆನ್ನಿಗೆ ಮೂರು ನಾಲ್ಕು ಕಣ್ಣು. ಫೋನಿನ ಎಲ್ಲ ಕ್ಯಾಮೆರಾಕ್ಕೂ ಫ್ಲ್ಯಾಶ್ ಸೇರಿರುವುದಿಲ್ಲ. ಆ್ಯಪ್ ಮೊದಲು ‘ಈ ಕ್ಯಾಮೆರಾಕ್ಕೆ ಫ್ಲ್ಯಾಶ್ ಉಂಟಾ’ ಎಂದು ಫೋನನ್ನು ಕೇಳಬೇಕು, ಕೇಳುವ ದಾರಿಯೂ ಆಂಡ್ರಾಯ್ಡ್‌ನಲ್ಲಿದೆ. ಕೇಳದೆ ಮಿಂಚಿನ ಗುರುತು ತೋರಿಸಿಬಿಟ್ಟರೆ ಒತ್ತಿದವನು ಪೆದ್ದ ಆಗುತ್ತಾನೆ. ಮುಂದಿನ ಕ್ಯಾಮೆರಾದಲ್ಲಂತೂ ಹೆಚ್ಚಿನ ಫೋನುಗಳಿಗೆ ದೀಪವೇ ಇಲ್ಲ. ಅಲ್ಲಿ ಪರದೆಯನ್ನು ಪೂರ್ತಿ ಬಿಳಿ ಮಾಡಿ ಮುಖಕ್ಕೆ ಬೆಳಕು ಬೀಳಿಸುವ ಉಪಾಯವಿದೆ, ಸೆಲ್ಫಿ ಕ್ಯಾಮೆರಾಗಳು ಅದನ್ನೇ ಮಾಡುವುದು. ಎಂಬತ್ತು ದಾಟಿದ ಅಜ್ಜಿಯನ್ನು ಪಿಂಚಣಿಗಾಗಿ ಹಾಸಿಗೆಯಿಂದ ಎತ್ತಿ ಅಂಗಳಕ್ಕೆ ತಂದು ಮುಖ ತೋರಿಸುವುದನ್ನು ನಾನು ನೋಡಿದ್ದೇನೆ. ಮುಖ ತೋರಿಸಿ ಎನ್ನುವ ಪ್ರತಿಯೊಂದು ಆ್ಯಪ್‌ನಲ್ಲೂ ಪರದೆ ಬಿಳಿಯಾಗುವ ಗುಂಡಿ ಇರಲೇಬೇಕು. ಬ್ರೌಸರಿನಲ್ಲಿ ತೆರೆಯುವ ಅರ್ಜಿಗಳ ಕ್ಯಾಮೆರಾದ ಪಾಡು ಇನ್ನೂ ಕಷ್ಟ, ಅಲ್ಲಿ ದೀಪ ಹಾಕುವ ಆದೇಶವನ್ನು ಎಲ್ಲ ಬ್ರೌಸರ್‌ಗಳೂ ಒಪ್ಪುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಬೇಡ ಎಂದರೆ ಒಂದು ಸುಲಭ ದಾರಿ ಇದೆ. ಆ್ಯಪ್ ತಾನೇ ಕ್ಯಾಮೆರಾ ಬರೆಯುವ ಬದಲು ಫೋನಿನ ಸ್ವಂತ ಕ್ಯಾಮೆರಾವನ್ನು ಕರೆದು, ಅದು ತೆಗೆದ ಫೋಟೊವನ್ನು ತೆಗೆದುಕೊಳ್ಳಬಹುದು. ಫೋನ್ ಕಂಪನಿಯವರು ಆ ಫೋನಿಗೆಂದೇ ಮಾಡಿದ ಕ್ಯಾಮೆರಾ ಅದು, ಫ್ಲ್ಯಾಶ್ ಅದರ ಮಾತು ಕೇಳುತ್ತದೆ. ಬೇರೆ ಯಾವುದೋ ನಕಲಿ ಕ್ಯಾಮೆರಾ ಆ್ಯಪ್ ಮೂಲಕ ಹಳೆಯ ಫೋಟೊ ತುರುಕುತ್ತಾರೆ ಎನ್ನುವ ಭಯ ಅಧಿಕಾರಿಗಳಿಗಿದೆ. ಆದರೆ 2020ರ ಆಂಡ್ರಾಯ್ಡ್ 11ರಿಂದ ಹೀಗೆ ಕರೆದಾಗ ಫೋನಿನ ಜತೆಗೇ ಬಂದ ಕ್ಯಾಮೆರಾ ಮಾತ್ರ ಓಗೊಡಬಹುದು, ಆಮೇಲೆ ಹಾಕಿಕೊಂಡದ್ದಕ್ಕೆ ಅವಕಾಶವಿಲ್ಲ. ಭಯ ಪೂರ್ತಿ ಹೋಗದಿದ್ದರೂ ಅರ್ಧ ಹೋಗಿದೆ. ಉಳಿದ ಅರ್ಧಕ್ಕಾಗಿ ಪ್ರಾಮಾಣಿಕರ ಫೋಟೊವನ್ನು ಕಪ್ಪು ಮಾಡುವುದು ನ್ಯಾಯವಲ್ಲ.

ಆ ಹಸಿರು ಗುರುತಿನ ಬಗ್ಗೆಯೂ ಹೇಳಲೇಬೇಕು. ಪೂರ್ತಿ ಕಪ್ಪು ಫೋಟೊವನ್ನು ‘ಸಲ್ಲಿಕೆಯಾಗಿದೆ’ ಎಂದು ಒಪ್ಪಿಕೊಳ್ಳುವ ಆ್ಯಪ್ ಎಂಥದ್ದು? ಫೋಟೊ ತೀರಾ ಕತ್ತಲೆಯಾ, ತೀರಾ ಬಿಳಿಯಾ ಎಂದು ನೋಡುವುದು ಫೋನಿಗೆ ಕ್ಷಣದ ಕೆಲಸ, ನೆಟ್‌ವರ್ಕ್ ಕೂಡ ಬೇಡ. ‘ಓಲೆಯ ನಂಬರು ಕಾಣುತ್ತಿಲ್ಲ, ಇನ್ನೊಮ್ಮೆ ತೆಗೆಯಿರಿ’ ಎಂದು ಅಲ್ಲೇ ಕನ್ನಡದಲ್ಲಿ ಹೇಳಿದ್ದರೆ ಆ ಮನೆಯವರು ಬೆಳಿಗ್ಗೆ ಹೂಳುವ ಮೊದಲು ತೆಗೆಯುತ್ತಿದ್ದರು. ಆ ಕ್ಷಣದಲ್ಲಿ ಹೇಳದೆ, ಎರಡು ವಾರ ಬಿಟ್ಟು ಹೇಳಿದ್ದಕ್ಕೆ ಮನೆಯವರು ಹೊಣೆ ಹೇಗಾಗುತ್ತಾರೆ? ಹೊಣೆ ಕಂಪನಿಯದು. ಇಂಥ ಅರ್ಜಿಯನ್ನು ಫೋಟೊ ಸ್ಪಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ತಡೆಯಬಾರದು, ವೈದ್ಯರ ಪತ್ರ ಮತ್ತು ಓಲೆ ಇದ್ದರೆ ಸಾಕು ಎಂಬ ನಿಯಮ ಬರಬೇಕು ಎನ್ನುವುದು ನನ್ನ ಒತ್ತಾಯ.

ಈ ಬ್ಲಾಗ್ ಓದುವ ಹುಡುಗ ಹುಡುಗಿಯರಲ್ಲಿ ಬಿಸಿಎ ಮಾಡುತ್ತಿರುವವರು, ಆ್ಯಪ್ ಬರೆಯಲು ಕಲಿಯುತ್ತಿರುವವರು ಇದ್ದೀರಿ. ಕಂಪ್ಯೂಟರಿನೊಳಗಿನ ಎಮ್ಯುಲೇಟರಿನಲ್ಲಿ ಫ್ಲ್ಯಾಶ್ ಸರಿಯಿದೆ ಎಂದು ನಂಬಬೇಡಿ, ಅಲ್ಲಿ ದೀಪವೂ ಇಲ್ಲ, ಕತ್ತಲೆಯೂ ಇಲ್ಲ. ನಿಮ್ಮ ಕೆಲಸಕ್ಕೆ ಬೇಕಾದ ಪ್ರಯೋಗಶಾಲೆ ನಿಮ್ಮ ಮನೆಯಲ್ಲೇ ಇದೆ. ಅಪ್ಪನ ಹಳೆಯ ಫೋನು ತೆಗೆದುಕೊಂಡು, ಚಾರ್ಜ್ ಹತ್ತು ಪರ್ಸೆಂಟಿಗೆ ಇಳಿದ ಮೇಲೆ, ಸಂಜೆ ಏಳಕ್ಕೆ ಕೊಟ್ಟಿಗೆಗೆ ಹೋಗಿ ನೋಡಿ. ಬೆಂಗಳೂರಿನ ಯಾವ ಕಂಪನಿಯ ಪರೀಕ್ಷೆಯ ಕೋಣೆಯಲ್ಲೂ ಸಿಗದ ತಪ್ಪು ಅಲ್ಲಿ ಸಿಗುತ್ತದೆ.

ಬಳಸುವವರು ಮಾಡಬೇಕಾದದ್ದೂ ಒಂದಿದೆ. ಸಿಟ್ಟಿನಲ್ಲಿ ಪ್ಲೇ ಸ್ಟೋರಿಗೆ ಹೋಗಿ ಒಂದು ಸ್ಟಾರ್ ಕೊಟ್ಟು ‘ವೇಸ್ಟ್ ಆ್ಯಪ್’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಫೋನಿನ ಕಂಪನಿ ಮತ್ತು ಮಾಡೆಲ್, ಆಂಡ್ರಾಯ್ಡ್ ಎಷ್ಟನೆಯದು (ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಬಗ್ಗೆ’ ಎನ್ನುವಲ್ಲಿ ಎರಡೂ ಇರುತ್ತವೆ), ಆಗ ಚಾರ್ಜ್ ಎಷ್ಟಿತ್ತು, ಫ್ಲ್ಯಾಶ್ ಹೊತ್ತಲೇ ಇಲ್ಲವೋ, ಹೊತ್ತಿಯೂ ಫೋಟೊ ಕಪ್ಪೋ, ಬಿಳಿಯೋ, ಫೋನಿನ ಸ್ವಂತ ಕ್ಯಾಮೆರಾದಲ್ಲಿ ಸರಿಯಾಗಿ ಬಂತೋ ಇಲ್ಲವೋ, ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ಕೆಟ್ಟ ಫೋಟೊವನ್ನು ಅಳಿಸಬೇಡಿ, ಆ್ಯಪ್‌ನಲ್ಲಿ ಅದು ಕಾಣುವ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸಮಯ ಕಾಣುವ ಹಾಗಿರಲಿ. ಜತೆಗೆ ಅದೇ ಹೊತ್ತಿಗೆ ಫೋನಿನ ಸ್ವಂತ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿಕೊಂಡು ಇನ್ನೊಂದು ಫೋಟೊ ತೆಗೆದಿಡಿ. ಅರ್ಜಿ ತಿರುಗಿ ಬಂದರೆ ಮೇಲ್ಮನವಿಗೆ ಇವೆರಡೂ ಬೇಕಾಗುತ್ತವೆ. ಕಚೇರಿಯವರು ತೆಗೆದುಕೊಳ್ಳದಿದ್ದರೆ ಪ್ರಿಂಟ್ ಹಾಕಿಸಿ ಅರ್ಜಿಯ ಜತೆ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.